ಪುರುಷ ಪ್ರಮಾಣ

ಚಾವುಂಡರಾಯನ 'ಲೋಕೋಪಕಾರ'ದ ಹೆಸರನ್ನು ನಮ್ಮಲ್ಲಿ ಅನೇಕರು ಕೇಳಿರುವುದು ಇಡ್ಲಿಯ ನೆಪದಲ್ಲಿ. ಉದ್ದಿನ ಬೇಳೆಯನ್ನು ಮಜ್ಜಿಗೆಯಲ್ಲಿ ನೆನೆಸಿ, ನುಣ್ಣಗೆ ರುಬ್ಬಿ, ಮೊಸರಿನ ತಿಳಿನೀರು, ಮೆಣಸು, ಜೀರಿಗೆ, ಕೊತ್ತಂಬರಿ, ಇಂಗು ಬೆರೆಸಿ ಮಾಡುವ ಇಡ್ಲಿ ಅದು. ಅಕ್ಕಿಯ ಸುದ್ದಿಯೇ ಇಲ್ಲ. 1025ರ ಈ ಪುಸ್ತಕ ಬರೆದವನು ಗೊಮ್ಮಟನನ್ನು ನಿಲ್ಲಿಸಿದ ಚಾವುಂಡರಾಯನಲ್ಲ, ಚಾಲುಕ್ಯ ಜಯಸಿಂಹನ ಕಾಲದ ಇನ್ನೊಬ್ಬ. ಹೆಸರಿಗೆ ತಕ್ಕಂತೆ ಲೋಕಕ್ಕೆ ಬೇಕಾದದ್ದನ್ನೆಲ್ಲ ಒಂದೆಡೆ ಕಟ್ಟಿಡುವುದು ಅವನ ಉದ್ದೇಶ. ಜ್ಯೋತಿಷ, ಶಕುನ, ವಾಸ್ತು, ಅಡುಗೆ, ಸುಗಂಧ, ಗಿಡಮರಗಳ ಆರೈಕೆ, ದನಕರುಗಳ ಔಷಧಿ ಎಲ್ಲವೂ ಅದರಲ್ಲಿವೆ. ನಡುವೆ ಉದಕಾರ್ಗಳ ಎಂಬ ಒಂದು ಅಧ್ಯಾಯ. ನೆಲದೊಳಗಿನ ನೀರನ್ನು ಮೇಲಿನ ಗುರುತುಗಳಿಂದ ಕಂಡುಹಿಡಿಯುವ ವಿದ್ಯೆ. ಅಡುಗೆಯ ಅಧ್ಯಾಯವನ್ನು ಎಲ್ಲರೂ ಕೊಂಡಾಡುತ್ತಾರೆ. ನನಗೆ ಹೊಟ್ಟೆಪಾಡು ಕೊಟ್ಟದ್ದು ಅಂತರ್ಜಲವಾದ್ದರಿಂದ ಈ ಇನ್ನೊಂದರ ಬಗ್ಗೆ ನಾಲ್ಕು ಮಾತು ಬರೆಯುವ ಹಕ್ಕು ನನಗಿದೆ ಎಂದುಕೊಂಡಿದ್ದೇನೆ.

ಭೂವಿಜ್ಞಾನ ಓದಿ, ಅಂತರ್ಜಲ ಸಂಶೋಧನೆಗೆ ಸೇರಿ, ಮೂವತ್ತು ವರ್ಷಕ್ಕೂ ಮಿಕ್ಕಿ ಬಯಲುಸೀಮೆಯ ಬಾವಿಗಳ ಬಾಯಲ್ಲಿ ಅಳತೆಯ ಟೇಪು ಇಳಿಬಿಟ್ಟು ಕೂತವಳು ನಾನು. ಹೋದ ಊರಲ್ಲೆಲ್ಲ ಒಂದು ಪ್ರಶ್ನೆ ತಪ್ಪದೆ ಬರುತ್ತಿತ್ತು: "ಅಮ್ಮಾ, ನಮ್ಮ ಹಿರಿಯರಿಗೆ ಇದೆಲ್ಲ ಗೊತ್ತಿತ್ತಲ್ಲ? ವರಾಹಮಿಹಿರ ಹೇಳಿಲ್ವೆ?" ಅಂಗೈಯಲ್ಲಿ ತೆಂಗಿನಕಾಯಿ ಇಟ್ಟುಕೊಂಡು ಹೊಲ ಸುತ್ತುವವರೂ ಅದೇ ಹೆಸರು ಹೇಳುತ್ತಾರೆ. ಹಾಗಾಗಿ ಆ ಪಠ್ಯವನ್ನು ಒಮ್ಮೆ ಕೂತು ಓದಲೇಬೇಕಾಯಿತು. ಓದಿದ ಮೇಲೆ ಗೌರವ ಹೆಚ್ಚಿತು, ತಕರಾರೂ ಹೆಚ್ಚಿತು.

ಚಾವುಂಡರಾಯನ ಅಧ್ಯಾಯದ ಬೇರು ಇರುವುದು ಆರನೆಯ ಶತಮಾನದ ವರಾಹಮಿಹಿರನ 'ಬೃಹತ್ಸಂಹಿತೆ'ಯಲ್ಲಿ. ಅಲ್ಲಿ ಈ ಭಾಗದ ಹೆಸರು ದಕಾರ್ಗಲ, ಸುಮಾರು 125 ಶ್ಲೋಕಗಳು. ವರಾಹಮಿಹಿರ ಪ್ರಾಮಾಣಿಕ ಲೇಖಕ. ಇದು ಸಾರಸ್ವತ ಮುನಿ ಹೇಳಿದ್ದು, ಇದು ಮನುವಿನ ಮತ ಎಂದು ತಾನು ಎಲ್ಲಿಂದ ತೆಗೆದುಕೊಂಡೆನೆಂಬುದನ್ನು ಮುಚ್ಚಿಡುವುದಿಲ್ಲ. ಶುರುವಿನಲ್ಲೇ ಎರಡು ದೊಡ್ಡ ಮಾತು ಹೇಳುತ್ತಾನೆ. ಮೈಯೊಳಗೆ ನರಗಳಿದ್ದಂತೆ ನೆಲದೊಳಗೂ ನೀರಿನ ಸಿರೆಗಳು ಮೇಲೆ ಕೆಳಗೆ ಹರಿದಿವೆ ಎಂಬುದು ಒಂದು. ಆಕಾಶದಿಂದ ಬೀಳುವ ನೀರಿಗೆ ಒಂದೇ ಬಣ್ಣ, ಒಂದೇ ರುಚಿ. ಬಿದ್ದ ನೆಲಕ್ಕೆ ತಕ್ಕಂತೆ ಅದು ಬದಲಾಗುತ್ತದೆ ಎಂಬುದು ಎರಡನೆಯದು. ಈ ಎರಡನೆಯ ಮಾತನ್ನು ಇಂದಿನ ಯಾವ ನೀರು ಪರೀಕ್ಷೆಯ ಪ್ರಯೋಗಾಲಯದ ಗೋಡೆಗೂ ಬರೆಸಬಹುದು.

ಆಮೇಲೆ ಗುರುತುಗಳು ಬರುತ್ತವೆ. ನೀರಿಲ್ಲದ ಊರಲ್ಲಿ ಬೆತ್ತದ ಗಿಡ ಕಂಡರೆ ಅದರ ಪಶ್ಚಿಮಕ್ಕೆ ಮೂರು ಮೊಳ ದೂರದಲ್ಲಿ ಅಗೆ, ಒಂದೂವರೆ ಪುರುಷದ ಆಳದಲ್ಲಿ ನೀರು. ನೇರಳೆ ಮರವಾದರೆ ಉತ್ತರಕ್ಕೆ ಮೂರು ಮೊಳ, ಎರಡು ಪುರುಷ. ಹುತ್ತ ಮುತ್ತಿಕೊಂಡ ತಾಳೆಯೋ ತೆಂಗೋ ಆದರೆ ಪಶ್ಚಿಮಕ್ಕೆ ಆರು ಮೊಳ, ನಾಲ್ಕು ಪುರುಷ. ಗಮನಿಸಿ, ತೆಂಗು ಇಲ್ಲಿ ಬಂದಿರುವುದು ಬೇರು ಬಿಟ್ಟು ನಿಂತ ಮರವಾಗಿ. ಅಂಗೈ ಮೇಲೆ ಎದ್ದು ನಿಲ್ಲುವ ಕಾಯಿ ಈ ಅಧ್ಯಾಯದಲ್ಲಿ ಇಲ್ಲವೇ ಇಲ್ಲ. ಕವೆಗೋಲೂ ಇಲ್ಲ. ಕವೆಗೋಲಿನ ಪ್ರಸಿದ್ಧ ಚಿತ್ರ ಇರುವುದು 1556ರಲ್ಲಿ ಅಚ್ಚಾದ ಜರ್ಮನಿಯ ಅಗ್ರಿಕೋಲನ ಗಣಿಗಾರಿಕೆಯ ಪುಸ್ತಕದಲ್ಲಿ, ಅದೂ ಬುದ್ಧಿವಂತ ಗಣಿಗಾರನಿಗೆ ಇದು ಬೇಡ ಎಂಬ ಬುದ್ಧಿವಾದದ ಜೊತೆಗೆ. ನಮ್ಮ ಋಷಿಮುನಿಗಳ ವಿದ್ಯೆ ಎಂದು ಹೇಳಿ ಕಡ್ಡಿ ಹಿಡಿದು ಬರುವವರಿಗೆ ಈ ಸಂಗತಿ ತಿಳಿಸಿದರೆ ಅವರಿಗೇನೂ ಬೇಸರವಾಗುವುದಿಲ್ಲ, ನನ್ನ ಮೇಲೆ ಮಾತ್ರ ಕರುಣೆ ಬರುತ್ತದೆ.

ಗುರುತುಗಳ ಜೊತೆಗೆ ಅಗೆಯುವಾಗ ಏನೇನು ಸಿಗುತ್ತದೆಂಬ ವಿವರವೂ ಇದೆ. ಬೆತ್ತದ ಹತ್ತಿರ ಅಗೆದರೆ ಅರ್ಧ ಪುರುಷದಲ್ಲಿ ಬಿಳಿಚಿದ ಕಪ್ಪೆ, ಆಮೇಲೆ ಹಳದಿ ಮಣ್ಣು, ಅದರ ಕೆಳಗೆ ಪದರು ಪದರಾಗಿ ಬಿಡುವ ಕಲ್ಲು, ಕೆಳಗೆ ನೀರು. ಕಪ್ಪೆಯನ್ನು ಬದಿಗಿಡಿ. ಉಳಿದದ್ದು ನಾನು ನೌಕರಿಯುದ್ದಕ್ಕೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡ ವಿವರವೇ! ನಮ್ಮ ಗ್ರಾನೈಟ್ ಮತ್ತು ನೈಸ್ ಶಿಲೆಯ ನೆಲದಲ್ಲಿ ಮೇಲೆ ಮಣ್ಣು, ಕೆಳಗೆ ಕೊಳೆತು ಪುಡಿಯಾದ ಶಿಲೆ, ಅದರ ಕೆಳಗೆ ಪದರು ಬಿಟ್ಟ ಕಲ್ಲು, ಆಮೇಲೆ ಗಟ್ಟಿ ಬಂಡೆ. ಹಿಂದಿನ ತೆರೆದ ಬಾವಿಗಳೆಲ್ಲ ಬದುಕಿದ್ದು ಈ ಕೊಳೆತ ಪದರದ ನೀರಿನ ಮೇಲೆ. ಇದನ್ನು ಬರೆದವರು ಬಾವಿಯೊಳಗೆ ಇಳಿದು ನೋಡಿದವರು ಅಥವಾ ಇಳಿದವರ ಮಾತು ಕೇಳಿದವರು. ಇದರಲ್ಲಿ ನನಗೆ ಅನುಮಾನವಿಲ್ಲ.

ಹುತ್ತ, ನೇರಳೆ, ಅತ್ತಿಗಳ ವಿಷಯವೂ ಬರೀ ನಂಬಿಕೆಯಲ್ಲ. ಗೆದ್ದಲಿಗೆ ಗೂಡಿನೊಳಗೆ ತೇವ ಬೇಕು. ನೇರಳೆ ಹಳ್ಳದ ಬದಿ ಹುಡುಕಿ ಬೆಳೆಯುವ ಮರ. ಅಮೆರಿಕದ ಭೂವಿಜ್ಞಾನ ಸಮೀಕ್ಷೆಯ ಅಂತರ್ಜಲ ವಿಭಾಗವನ್ನು 1912ರಿಂದ 1946ರವರೆಗೆ ನಡೆಸಿದ ಆಸ್ಕರ್ ಮೈನ್ಜರ್ 1927ರಲ್ಲಿ ಒಂದು ಇಡೀ ಪುಸ್ತಕವನ್ನೇ ಗಿಡಗಳಿಂದ ಅಂತರ್ಜಲದ ಸುಳಿವು ಪಡೆಯುವುದರ ಮೇಲೆ ಬರೆದ. ಬೇರಿಳಿಸಿ ನೆಲದಡಿಯ ನೀರನ್ನೇ ಕುಡಿಯುವ ಸಸ್ಯಗಳಿಗೆ ಬೇರೆ ಹೆಸರನ್ನೇ ಇಟ್ಟವನು ಅವನು. ಅದೇ ಮೈನ್ಜರ್, ಅವನ ಸಂಸ್ಥೆ 1917ರಲ್ಲಿ ಕವೆಗೋಲಿನ ಚರಿತ್ರೆ ಪ್ರಕಟಿಸಿದಾಗ, ಇದರ ಪರೀಕ್ಷೆಗೆ ಇನ್ನೂ ಹಣ ಸುರಿಯುವುದು ಸಾರ್ವಜನಿಕರ ಹಣದ ದುರುಪಯೋಗ ಎಂದು ಮುನ್ನುಡಿಯಲ್ಲಿ ಬರೆದ. ಮರ ನೋಡುವುದು ಬೇರೆ, ಕೋಲು ಆಡಿಸುವುದು ಬೇರೆ ಎಂಬ ಗೆರೆ ಅವನಿಗೆ ಸ್ಪಷ್ಟವಿತ್ತು. ವರಾಹಮಿಹಿರನನ್ನು ನಾವು ಕೂರಿಸಬೇಕಾದ್ದು ಗೆರೆಯ ಈಚೆ, ಮರ ನೋಡುವವರ ಸಾಲಿನಲ್ಲಿ.

ಇಷ್ಟು ಮೆಚ್ಚುಗೆ. ಇನ್ನು ತಕರಾರು.

ಪುರುಷ ಎಂದರೆ ಎಷ್ಟು? ಎರಡೂ ಕೈ ಮೇಲೆತ್ತಿ ನಿಂತ ಗಂಡಸಿನ ಎತ್ತರ, 120 ಅಂಗುಲ, ನಮ್ಮ ಲೆಕ್ಕದಲ್ಲಿ ಸುಮಾರು ಏಳೂವರೆ ಅಡಿ. ಹಾಗಾದರೆ ನೇರಳೆಯ ನೀರು 15 ಅಡಿಯಲ್ಲಿದೆ, ತೆಂಗಿನದು 30 ಅಡಿಯಲ್ಲಿ. ಮರುಭೂಮಿಯ ಭಾಗದಲ್ಲಿ ಆಳ ಹೆಚ್ಚುತ್ತದೆ, ಆದರೆ ನಮ್ಮಂಥ ಸೀಮೆಗೆ ಹೊಂದುವ ಶ್ಲೋಕಗಳಲ್ಲಿ ಹೆಚ್ಚಿನವು ಬೆರಳೆಣಿಕೆಯ ಪುರುಷಗಳಲ್ಲೇ ಮುಗಿಯುತ್ತವೆ. ಕೋಲಾರ, ಚಿಕ್ಕಬಳ್ಳಾಪುರದ ಕಡೆ ಕೊಳವೆ ಬಾವಿಗಳು ಸಾವಿರ ಅಡಿ ದಾಟಿ ಎಷ್ಟೋ ಕಾಲವಾಯಿತು. ಸಾವಿರ ಅಡಿ ಎಂದರೆ 133 ಪುರುಷ. ಅಷ್ಟು ಆಳದ ಬಂಡೆಯ ಬಿರುಕಿನಲ್ಲಿರುವ ನೀರಿನ ಸುದ್ದಿ ಮೇಲಿನ ನೇರಳೆಗೆ ಹೇಗೆ ತಿಳಿಯಬೇಕು? ಮರ ನಿಂತಿರುವುದು ಮಳೆಯಿಂದ ನೆಂದ ಮೇಲ್ಮಣ್ಣಿನ ತೇವದಲ್ಲಿ. 15 ಅಡಿಯ ಗುರುತನ್ನು ಸಾವಿರ ಅಡಿಗೆ ಹಚ್ಚಿ ಹಣ ಕೇಳುವವರು ವರಾಹಮಿಹಿರನನ್ನು ಓದಿಲ್ಲ, ಓದಿದ್ದರೂ ಲೆಕ್ಕ ಹಾಕಿಲ್ಲ.

ಆದರೆ ಪುರುಷ ಎಂಬ ಅಳತೆಯಲ್ಲಿ ನನಗೆ ಇನ್ನೊಂದು ಸಂಗತಿ ಕಾಣುತ್ತದೆ. ಅದು ಅಗೆಯುವವನ ಅಳತೆ. ಗುಂಡಿಯೊಳಗೆ ನಿಂತು ಕೈ ಎತ್ತಿದವನಿಗೆ ಸಿಗುವ ಅಳತೆ. ಅಧ್ಯಾಯದುದ್ದಕ್ಕೂ ಕೇಳುವ ಪ್ರಶ್ನೆ ಒಂದೇ, ನೀರು ಎಲ್ಲಿದೆ? ನೀರು ಸಿಕ್ಕ ಕೂಡಲೇ ಶ್ಲೋಕ ಮುಗಿಯುತ್ತದೆ. ಆ ಬಾವಿ ಚೈತ್ರದಲ್ಲಿ ಏನಾಯಿತು, ಎಷ್ಟು ಕೊಡ ಸೇದಿದರೆ ತಳ ಕಂಡಿತು, ಬರಿದಾದದ್ದು ಬೆಳಗಾಗುವುದರೊಳಗೆ ಎಷ್ಟು ತುಂಬಿಕೊಂಡಿತು? ಇದರ ಬಗ್ಗೆ ಒಂದಕ್ಷರ ಇಲ್ಲ. ಅಗೆದೂ ನೀರು ಬಾರದ ಗುಂಡಿಯ ಪ್ರಸ್ತಾಪವೂ ಇಲ್ಲ. ಸೋತ ಬಾವಿಗಳನ್ನು ಬರೆದಿಡದ ಶಾಸ್ತ್ರವನ್ನು ನನ್ನ ವೃತ್ತಿಯವರು ಪೂರ್ತಿಯಾಗಿ ನಂಬಲು ಕಲಿತಿಲ್ಲ.

ಆ ಕಾಲಕ್ಕೆ ಅದು ದೊಡ್ಡ ಕೊರತೆಯಾಗಿರಲಿಲ್ಲ ಎನ್ನಿ. ಹಗ್ಗ, ಕೊಡ, ಕಪಿಲೆ, ಏತ ಇವುಗಳಿಂದ ಎತ್ತಬಹುದಾದ ನೀರಿಗೆ ಮಿತಿಯಿತ್ತು. ಎತ್ತು ದಣಿಯುತ್ತಿತ್ತು, ತೋಳು ದಣಿಯುತ್ತಿತ್ತು, ಅಷ್ಟರಲ್ಲಿ ಬಾವಿ ಸುಧಾರಿಸಿಕೊಳ್ಳುತ್ತಿತ್ತು. ಪಂಪಿಗೆ ದಣಿವಿಲ್ಲ. ಪಂಪು ಬಂದ ದಿನದಿಂದ ಪ್ರಶ್ನೆ ಬದಲಾಯಿತು: ಎಲ್ಲಿದೆ ಎಂಬುದರ ಜಾಗದಲ್ಲಿ ಎಷ್ಟಿದೆ, ಎಷ್ಟು ದಿನ ಎಂಬುದು ಬಂತು. ಆ ಪ್ರಶ್ನೆಗೆ ಗಣಿತದ ಉತ್ತರ ಕೊಟ್ಟವನು ಅಮೆರಿಕದ ಸಿ. ವಿ. ಥೀಸ್, 1935ರಲ್ಲಿ. ನೀರನ್ನು ಒಂದೇ ಪ್ರಮಾಣದಲ್ಲಿ ಎತ್ತುತ್ತ ಹೋದರೆ ಸುತ್ತಲಿನ ನೀರಿನ ಮಟ್ಟ ಕಾಲ ಕಳೆದಂತೆ ಹೇಗೆ ಇಳಿಯುತ್ತದೆ ಎಂಬುದನ್ನು ಅವನು ಲೋಹದಲ್ಲಿ ಶಾಖ ಹರಿಯುವ ಲೆಕ್ಕದಿಂದ ಪಡೆದ. ಗಣಿತದ ತೊಡಕು ಬಿಡಿಸಿಕೊಟ್ಟವನು ಅವನ ಗೆಳೆಯನೊಬ್ಬ.

ನಮ್ಮ ಕೆಲಸ ಈ ಥೀಸನ ದಾರಿಯದು. ಪಂಪು ಹಾಕಿದ ಗಳಿಗೆಯಿಂದ ಮೊದಲು ನಿಮಿಷ ನಿಮಿಷಕ್ಕೆ, ಆಮೇಲೆ ಐದು, ಹತ್ತು ನಿಮಿಷಕ್ಕೆ, ಮುಂದೆ ಗಂಟೆಗೊಮ್ಮೆ ನೀರಿನ ಮಟ್ಟ ಅಳೆದು ಬರೆಯುವುದು. ಹಗಲು ರಾತ್ರಿ ನಡೆಯುತ್ತದೆ. ಪಂಪು ನಿಲ್ಲಿಸಿದ ಮೇಲೆ ಉಳಿದವರು ಕೈ ತೊಳೆದು ಹೊರಡುತ್ತಾರೆ; ನಮಗೆ ಅರ್ಧ ಕೆಲಸ ಆಗ ಶುರು. ಬಾವಿ ಹೇಗೆ ಚೇತರಿಸಿಕೊಳ್ಳುತ್ತದೆಂಬುದನ್ನು ಅದೇ ಕ್ರಮದಲ್ಲಿ ಅಳೆಯಬೇಕು. ಏರುವ ಗೆರೆ ಮೊದಲಿನ ಮಟ್ಟ ಮುಟ್ಟದೆ ನಿಂತರೆ ಆ ಬಾವಿ ಸಣ್ಣದೊಂದು ಗಂಟನ್ನು ಕರಗಿಸುತ್ತಿದೆ ಎಂದು ಅರ್ಥ. ರಾತ್ರಿ ಎರಡು ಗಂಟೆಗೆ ಟಾರ್ಚು ಹಿಡಿದು ಬಾವಿಕಟ್ಟೆಯಲ್ಲಿ ಕೂತ ಹೆಂಗಸನ್ನು ಕಂಡು ಊರವರು ಏನೇನೋ ಅಂದುಕೊಂಡದ್ದುಂಟು. ಒಬ್ಬ ಹಿರಿಯ ಅಧಿಕಾರಿ ನನ್ನನ್ನು ಈ ರಾತ್ರಿಯ ಅಳತೆಗಳಿಂದ ಬಿಡಿಸಲು, ನನ್ನ ಹಿತಕ್ಕಾಗಿಯೇ, ಬಹಳ ಶ್ರಮಪಟ್ಟರು. ರಾತ್ರಿಯ ಅಳತೆ ಬಿಟ್ಟವಳಿಗೆ ವರದಿಯಲ್ಲಿ ಹೆಸರಿರುವುದಿಲ್ಲ ಎಂಬುದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಅದು ಬೇರೆ ಕಥೆ.

ಹೇಳಬೇಕಾದ್ದು ಇದು. ಪರೀಕ್ಷೆಗೆ ಮುಂಚೆ ಊರಿನ ಬಾವಿಗಳ ಪೂರ್ವಾಪರ ವಿಚಾರಿಸುವ ಪದ್ಧತಿ ಇದೆ. ಗಂಡಸರನ್ನು ಕೇಳಿದರೆ ಎಷ್ಟು ಅಡಿ ಕೊರೆಸಿದೆವು, ಎಷ್ಟು ಇಂಚು ನೀರು ಬಿತ್ತು ಎಂದು ಹೇಳುತ್ತಾರೆ. ಹೆಂಗಸರನ್ನು ಕೇಳಿದರೆ ಯಾವ ತಿಂಗಳಲ್ಲಿ ಹಗ್ಗಕ್ಕೆ ಇನ್ನೊಂದು ತುಂಡು ಗಂಟು ಹಾಕಿದೆವು, ಯಾವ ವರ್ಷ ಬೆಳಗಿನ ಎಂಟನೆಯ ಕೊಡಕ್ಕೆ ರಾಡಿ ಬಂತು, ಎಷ್ಟು ಹೊತ್ತು ಕಾದ ಮೇಲೆ ತಿಳಿಯಾಯಿತು ಎಂದು ಹೇಳುತ್ತಾರೆ. ಅದು ಸೇದುವವಳ ಅಳತೆ. ಥೀಸನ ಚೇತರಿಕೆಯ ಗೆರೆ ಅದೇ. ದಕಾರ್ಗಲದಲ್ಲಿ ಇಲ್ಲದ ಅಧ್ಯಾಯವೂ ಅದೇ. ಸಾರಸ್ವತನೋ ಮನುವೋ ಒಮ್ಮೆ ಬಾವಿಕಟ್ಟೆಯ ಮೇಲಿದ್ದವರನ್ನು ಮಾತಾಡಿಸಿದ್ದರೆ ನಮಗೆ ಇನ್ನೂ ಒಳ್ಳೆಯ ಪಠ್ಯ ಸಿಗುತ್ತಿತ್ತು.

ಇಂಚಿನ ವಿಷಯ ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ, ಪೇಟೆಯಲ್ಲಿ ಸೈಟು ಕೊಂಡು ಬೋರು ಹಾಕಿಸುವವರಿಗೂ ಉಪಯೋಗಕ್ಕೆ ಬಂದೀತು. ಕೊರೆದ ಮೇಲೆ ಗಾಳಿಯ ಒತ್ತಡದಿಂದ ಮೇಲೆ ಬರುವ ನೀರನ್ನು ಇಂಗ್ಲಿಷಿನ ವಿ ಅಕ್ಷರದಂತೆ ಕತ್ತರಿಸಿದ ತಗಡಿನ ಮೂಲಕ ಹರಿಸಿ ಅದರ ಎತ್ತರ ನೋಡುತ್ತಾರೆ. ಎರಡು ಇಂಚು ಎಂದರೆ ಒಂದು ಇಂಚಿನ ಎರಡರಷ್ಟಲ್ಲ, ಐದೂವರೆ ಪಟ್ಟಿಗೂ ಹೆಚ್ಚು. ಸಮಕೋನದ ವಿ ಆದರೆ ಒಂದು ಇಂಚಿಗೆ ಗಂಟೆಗೆ ಸುಮಾರು 500 ಲೀಟರ್, ಎರಡು ಇಂಚಿಗೆ ಸುಮಾರು 2900 ಲೀಟರ್. ಅದಕ್ಕೇ ಕಾಲು ಇಂಚಿನ ಉತ್ಪ್ರೇಕ್ಷೆಯೂ ಸಣ್ಣದಲ್ಲ. ಅದೂ ಆ ಗಳಿಗೆಯಲ್ಲಿ ಬಿರುಕುಗಳಲ್ಲಿ ಶೇಖರವಾಗಿದ್ದ ನೀರು. ನಾಳೆ ಬರುವ ನೀರಿನ ಭರವಸೆಯಲ್ಲ. ಆ ಚಿಮ್ಮುವ ನೀರಿಗೆ ಅರಿಶಿನ ಕುಂಕುಮ ಹಾಕಿ ಕೈ ಮುಗಿದ ಹೆಣ್ಣುಮಕ್ಕಳನ್ನು ಎಷ್ಟೋ ಕಡೆ ಕಂಡಿದ್ದೇನೆ. ಮೊದಲನೆಯ ಬೋರಿಗೆ ಸಾಲ, ಎರಡನೆಯದಕ್ಕೆ ಬಳೆ, ಮೂರನೆಯದಕ್ಕೆ ತವರಿನವರು ಹಾಕಿದ ಸರ. ಜಾಗ ತೋರಿಸಿದವನನ್ನು ಆಗ ಯಾರೂ ಹುಡುಕುವುದಿಲ್ಲ, "ನಮ್ಮ ಹಣೆಯಲ್ಲಿಲ್ಲ" ಎನ್ನುತ್ತಾರೆ. ಒಂದು ದಿನದ ಪಂಪು ಪರೀಕ್ಷೆಗೆ ಆಗುವ ಖರ್ಚು ಇನ್ನೊಂದು ಬೋರಿನ ಖರ್ಚಿನ ಮುಂದೆ ಏನೂ ಅಲ್ಲ. ಆದರೆ ಪರೀಕ್ಷೆಯ ಫಲ ಕಣ್ಣಿಗೆ ಕಾಣುವ ನೀರಲ್ಲವಲ್ಲ, ಒಂದು ಹಾಳೆಯ ಮೇಲಿನ ಗೆರೆ. ಅದಕ್ಕೆ ಯಾರೂ ಅರಿಶಿನ ಹಾಕುವುದಿಲ್ಲ.

ಇಷ್ಟೆಲ್ಲ ಹೇಳಿಯೂ ಈ ಅಧ್ಯಾಯವನ್ನು ಓದಬೇಡಿ ಎನ್ನಲಾರೆ. ಕೊನೆಯ ಭಾಗವನ್ನಂತೂ ಓದಲೇಬೇಕು. ಅಗೆಯುವಾಗ ಬಂಡೆ ಅಡ್ಡ ಬಂದರೆ ಮುತ್ತುಗದ ಕಟ್ಟಿಗೆಯ ಬೆಂಕಿಯಲ್ಲಿ ಕೆಂಪಗೆ ಕಾಯಿಸಿ ಸುಣ್ಣದ ನೀರು ಎರಚಿ ಒಡೆಯುವ ಉಪಾಯವಿದೆ. ಕದಡಿದ, ಒಗರಾದ ಬಾವಿಯ ನೀರಿಗೆ ಲಾವಂಚ, ನೆಲ್ಲಿ, ಕೊನ್ನಾರಿಗಳ ಜೊತೆ ಕತಕದ ಬೀಜ, ಅಂದರೆ ನಮ್ಮ ಚಿಲ್ಲದ ಬೀಜ, ಹಾಕುವ ಕ್ರಮವಿದೆ. ಚಿಲ್ಲದ ಬೀಜ ತೇಯ್ದು ಹಾಕಿದರೆ ರಾಡಿ ತಳಕ್ಕಿಳಿಯುವುದು ಪರೀಕ್ಷೆಗೆ ನಿಂತ ಮಾತು. ಆದರೆ ಪಾವಗಡ, ಕೋಲಾರದ ಕಡೆಯ ಆಳದ ಬೋರುಗಳಲ್ಲಿ ಬರುವ ಫ್ಲೋರೈಡಿಗೆ ಅದು ಮದ್ದಲ್ಲ. ಆ ನೀರು ನೋಡಲು ತಿಳಿಯಾಗಿಯೇ ಇರುತ್ತದೆ, ಮಕ್ಕಳ ಹಲ್ಲಿನ ಮೇಲೆ ಕಂದು ಗೆರೆ ಮೂಡಿದಾಗಲೇ ಗೊತ್ತಾಗುವುದು.

ಕೆರೆಯ ಶ್ಲೋಕಗಳೂ ಅಲ್ಲೇ ಇವೆ. ಪೂರ್ವಪಶ್ಚಿಮವಾಗಿ ಉದ್ದವಿರುವ ಕೆರೆಯಲ್ಲಿ ನೀರು ಬಹುಕಾಲ ನಿಲ್ಲುತ್ತದೆ. ದಕ್ಷಿಣೋತ್ತರವಾದರೆ ಗಾಳಿಗೆದ್ದ ಅಲೆ ಏರಿಯನ್ನು ತಿನ್ನುತ್ತದೆ, ಹಾಗೇ ಕಟ್ಟಬೇಕಾಗಿ ಬಂದರೆ ಏರಿಯನ್ನು ಕಲ್ಲಿನಿಂದಲೋ ಮರದಿಂದಲೋ ಬಲಪಡಿಸಬೇಕು ಎನ್ನುತ್ತಾನೆ. ದಡದಲ್ಲಿ ಮತ್ತಿ, ಆಲ, ಮಾವು, ಕದಂಬ, ನೇರಳೆ ನೆಡಬೇಕು. ಮೊದಲ ಶ್ಲೋಕಗಳಲ್ಲಿ ನೀರಿನ ಗುರುತಾಗಿ ಬಂದ ಮರಗಳಲ್ಲಿ ಕೆಲವು ಇಲ್ಲಿ ನೀರು ಕಾಯುವ ಕೆಲಸಕ್ಕೆ ಬರುತ್ತವೆ. ವರಾಹಮಿಹಿರನ ಹೆಸರು ಹೇಳಿಕೊಂಡು ನಮ್ಮ ಮನೆ ಬಾಗಿಲಿಗೆ ಬಂದವರು ಬಹಳ ಮಂದಿ. ಈ ಶ್ಲೋಕಗಳನ್ನು ಹೇಳಿದವರನ್ನು ನಾನಿನ್ನೂ ಕಂಡಿಲ್ಲ.