ರ‍್ಯಾಕಿನ ಹಿಂಬಾಗಿಲು

ಧಾರವಾಡದ ಕಡೆ ಕಸೂತಿ ಬಲ್ಲವರು ಸೀರೆ ಕೈಗೆತ್ತಿಕೊಂಡರೆ ಮೊದಲು ಮಗುಚಿ ಹಿಂಬದಿ ನೋಡುತ್ತಾರೆ. ಗವಂತಿ ಹೊಲಿಗೆ ಎರಡೂ ಬದಿ ಒಂದೇ ಥರ ಇರಬೇಕು, ಗಂಟು ಕಾಣಬಾರದು. ನೆಟ್‌ವರ್ಕ್ ರ‍್ಯಾಕ್ ನೋಡುವಾಗ ನನ್ನದೂ ಅದೇ ಚಾಳಿ. ಮುಂದಿನ ಗಾಜಿನ ಬಾಗಿಲ ಒಳಗೆ ಹಸಿರು ದೀಪಗಳು ಮಿಣಮಿಣ ಅನ್ನುತ್ತಿರುತ್ತವೆ, ಕೇಬಲ್‌ಗಳಿಗೆ ಒಪ್ಪವಾಗಿ ಡ್ರೆಸಿಂಗ್ ಮಾಡಿರುತ್ತಾರೆ, ಫೋಟೊ ತೆಗೆದು ವಾಟ್ಸ್ಆ್ಯಪ್ ಗ್ರೂಪಿಗೆ ಹಾಕಿಯೂ ಆಗಿರುತ್ತದೆ. ನಾನು ಸುತ್ತಿ ಹಿಂದೆ ಹೋಗಿ, ಬಾಗಿಲು ತೆಗೆದು, ಸ್ವಿಚ್ಚಿನ ಎದುರು ಅಂಗೈ ಹಿಡಿಯುತ್ತೇನೆ. ಗಾಳಿ ಹೊರಗೆ ಬರುತ್ತಿದೆಯೋ, ಒಳಗೆ ಹೋಗುತ್ತಿದೆಯೋ? ಕೂರಿಸಿದವರಿಗೆ ಕೆಲಸ ಗೊತ್ತಿತ್ತೋ ಇಲ್ಲವೋ ಅನ್ನುವುದು ಅಲ್ಲೇ ಅರ್ಧ ತಿಳಿದುಬಿಡುತ್ತದೆ.

ಸರ್ವರ್‌ಗಳ ವಿಷಯ ಸರಳ. ಮುಂದಿನಿಂದ ತಣ್ಣನೆ ಗಾಳಿ ಎಳೆದುಕೊಂಡು ಹಿಂದಿನಿಂದ ಬಿಸಿಗಾಳಿ ಬಿಡುತ್ತವೆ. ಡೇಟಾ ಸೆಂಟರ್‌ಗಳಲ್ಲಿ ರ‍್ಯಾಕ್‌ಗಳನ್ನು ಸಾಲುಸಾಲಾಗಿ ಮುಖಕ್ಕೆ ಮುಖ, ಬೆನ್ನಿಗೆ ಬೆನ್ನು ಮಾಡಿ ನಿಲ್ಲಿಸುವುದು ಇದಕ್ಕೇ. ಒಂದು ಓಣಿ ತಂಪು, ಪಕ್ಕದ ಓಣಿ ಬಿಸಿ. ತೊಡಕು ಇರುವುದು ಇಲ್ಲಿ: ಸರ್ವರಿನ ನೆಟ್‌ವರ್ಕ್ ಪೋರ್ಟ್‌ಗಳು ಹಿಂಬದಿಯಲ್ಲಿರುತ್ತವೆ. ಹಾಗಾಗಿ ಅದೇ ರ‍್ಯಾಕಿನ ತುದಿಯಲ್ಲಿ ಕೂರುವ ಸ್ವಿಚ್ಚಿನ ಪೋರ್ಟ್‌ಗಳನ್ನೂ ಹಿಂದಕ್ಕೇ ತಿರುಗಿಸಬೇಕು. ಇಲ್ಲದಿದ್ದರೆ ಒಂದೊಂದು ಕೇಬಲ್ಲೂ ರ‍್ಯಾಕ್ ದಾಟಿ ಮುಂದೆ ಬರಬೇಕಾಗುತ್ತದೆ. ಪೋರ್ಟ್ ಕಡೆಯಿಂದ ಗಾಳಿ ಎಳೆಯುವ ಸ್ವಿಚ್ಚನ್ನು ಹೀಗೆ ತಿರುಗಿಸಿ ಕೂರಿಸಿದಿರೋ, ಅದು ಸರ್ವರ್‌ಗಳು ಬಿಟ್ಟ ಬಿಸಿಗಾಳಿಯನ್ನೇ ಎಳೆದುಕೊಂಡು, ಇನ್ನಷ್ಟು ಕಾಯಿಸಿ, ತಂಪು ಓಣಿಗೆ ತಳ್ಳುತ್ತದೆ. ಏಸಿ ಬಿಲ್ ಕಟ್ಟುವವರು ಬೇರೆ ಯಾರೋ ಆದ್ದರಿಂದ ಕೂರಿಸಿದವರಿಗೆ ಇದು ತಟ್ಟುವುದಿಲ್ಲ.

ತಯಾರಕರಿಗೆ ಇದು ಗೊತ್ತು. ಅದಕ್ಕೇ ಡೇಟಾ ಸೆಂಟರ್ ಸ್ವಿಚ್‌ಗಳ ಫ್ಯಾನು, ಪವರ್ ಸಪ್ಲೈಗಳನ್ನು ಎರಡು ಬಗೆಯಲ್ಲಿ ಮಾರುತ್ತಾರೆ. ಸಿಸ್ಕೋ ನೆಕ್ಸಸ್‌ನಲ್ಲಿ ಹಿಡಿಕೆಯ ಬಣ್ಣ ನೋಡಿದರೆ ಸಾಕು: ಕಡುಗೆಂಪು ಆದರೆ ಪೋರ್ಟ್ ಕಡೆಯಿಂದ ಗಾಳಿ ಒಳಗೆ, ನೀಲಿ ಆದರೆ ಪೋರ್ಟ್ ಕಡೆಯಿಂದ ಹೊರಗೆ. ಜುನಿಪರ್‌ನವರು ಅದರ ಮೇಲೇ ‘ಏರ್ ಇನ್’, ‘ಏರ್ ಔಟ್’ ಎಂದು ಬರೆದಿರುತ್ತಾರೆ. ಒಂದೇ ಪೆಟ್ಟಿಗೆಗೆ ಒಂದು ಆ ಬಗೆ, ಒಂದು ಈ ಬಗೆ ತುರುಕುವ ಹಾಗಿಲ್ಲ; ತುರುಕಿದರೆ ಸ್ವಿಚ್ ಅಲಾರಾಂ ಕೊಡುತ್ತದೆ, ಕೆಲವು ಮಾದರಿಗಳು ತಾವಾಗಿಯೇ ಆಫ್ ಆಗುತ್ತವೆ. ಇಷ್ಟಿದ್ದರೂ ಪರ್ಚೇಸ್ ಆರ್ಡರಿನಲ್ಲಿ ಪೋರ್ಟ್ ಎಷ್ಟು, ವಾರಂಟಿ ಎಷ್ಟು ವರ್ಷ ಎಂದೆಲ್ಲ ಬರೆಯುವವರು ಗಾಳಿಯ ದಿಕ್ಕನ್ನು ಬರೆಯುವುದಿಲ್ಲ. ಸ್ಟಾಕಿನಲ್ಲಿ ಇದ್ದದ್ದು ಬರುತ್ತದೆ.

ದಿಕ್ಕು ಸರಿಯಿದ್ದರೂ ಇನ್ನೊಂದು ಕಡೆ ಎಡವುವುದುಂಟು. ಸ್ವಿಚ್ ಸರ್ವರಿನಷ್ಟು ಉದ್ದ ಇರುವುದಿಲ್ಲ. ಹಿಂದಿನ ಕಂಬಕ್ಕೆ ಬಿಗಿದಾಗ ಅದರ ಇನ್ನೊಂದು ತುದಿ ರ‍್ಯಾಕಿನ ನಡುವೆ ಎಲ್ಲೋ ನಿಂತುಬಿಡುತ್ತದೆ. ಗಾಳಿ ಎಳೆಯಬೇಕಾದ ಆ ತುದಿಗೆ ಸಿಗುವುದು ತಂಪು ಓಣಿಯ ಗಾಳಿಯಲ್ಲ, ರ‍್ಯಾಕಿನೊಳಗೆ ಸುತ್ತಾಡುವ ಬಿಸಿಗಾಳಿ. ಮುಂದಿನ ಕಂಬದಿಂದ ಸ್ವಿಚ್ಚಿನವರೆಗೆ ಗಾಳಿ ತರುವ ತಗಡಿನ ಡಕ್ಟ್ ಸಿಗುತ್ತದೆ. ಅದನ್ನು ಹಾಕಿದ ರ‍್ಯಾಕ್ ಕಂಡರೆ ಕೂರಿಸಿದವರ ಹೆಸರು ಕೇಳಿಟ್ಟುಕೊಳ್ಳುತ್ತೇನೆ.

‘ಎರಡು ಸ್ವಿಚ್ ಮಧ್ಯೆ ಒಂದು ಯು ಖಾಲಿ ಬಿಡಿ, ಗಾಳಿ ಆಡಲಿ’ ಎನ್ನುವ ಉಪದೇಶ ಎಲ್ಲರ ಬಾಯಲ್ಲೂ ಇದೆ. ನನಗೆ ಒಪ್ಪಿಗೆಯಿಲ್ಲ. ಮುಂದಿನಿಂದ ಹಿಂದಕ್ಕೆ ಗಾಳಿ ತಳ್ಳುವ ಸ್ವಿಚ್‌ಗಳನ್ನು ಒಂದರ ಮೇಲೊಂದು ಒತ್ತಾಗಿ ಕೂರಿಸಬಹುದು. ಅವುಗಳ ಮೇಲ್ಮೈಯಿಂದ ಗಾಳಿ ಓಡಾಡುವುದೇ ಇಲ್ಲ. ಬಿಟ್ಟ ಆ ಕಿಂಡಿಯಿಂದ ಹಿಂದಿನ ಬಿಸಿಗಾಳಿ ಮುಂದಕ್ಕೆ ನುಸುಳಿ ಬಂದು ಮತ್ತೆ ಒಳಗೆ ಹೋಗುತ್ತದೆ. ಕಿಂಡಿ ಬಿಡಲೇಬೇಕಾದರೆ ಬ್ಲ್ಯಾಂಕಿಂಗ್ ಪ್ಯಾನಲ್ ಹಾಕಿ ಮುಚ್ಚಿ. ಇಲ್ಲವೇ ಅಲ್ಲೊಂದು ಕೇಬಲ್ ಮ್ಯಾನೇಜರ್ ಇರಲಿ, ಜಾಗಕ್ಕೂ ಉಪಯೋಗವಾಯಿತು. ಫ್ಯಾನೇ ಇಲ್ಲದ, ಮೈಯಿಂದಲೇ ಬಿಸಿ ಬಿಡುವ ಸಣ್ಣ ಸ್ವಿಚ್ಚಿಗೆ ಮಾತ್ರ ಮೇಲೆ ಜಾಗ ಬಿಡುವುದು ನ್ಯಾಯ.

ಯು ಅಂದೆನಲ್ಲ, ಅದರ ಲೆಕ್ಕ ಹೀಗಿದೆ. ಅಮೆರಿಕದ ಎಟಿ ಅಂಡ್ ಟಿ ಕಂಪನಿ 1920ರ ದಶಕದ ಆರಂಭದಲ್ಲಿ ಟೆಲಿಫೋನ್ ಉಪಕರಣಗಳಿಗಾಗಿ ಬಳಕೆಗೆ ತಂದ 19 ಇಂಚಿನ ಅಗಲವೇ ಇವತ್ತಿಗೂ ನಡೆಯುತ್ತಿದೆ. ಎತ್ತರದಲ್ಲಿ 1 ಯು ಅಂದರೆ 44.45 ಮಿ.ಮೀ. ಕಂಬದಲ್ಲಿ ಒಂದೊಂದು ಯುಗೂ ಮೂರು ಚೌಕ ತೂತು. ಆದರೆ ತೂತುಗಳ ನಡುವಿನ ಅಂತರ ಸಮ ಅಲ್ಲ: 15.875, 15.875, ಆಮೇಲೆ 12.7 ಮಿ.ಮೀ. ಆ ಕಿರಿದಾದ ಅಂತರದ ನಟ್ಟನಡುವೆ ಒಂದು ಯು ಮುಗಿದು ಇನ್ನೊಂದು ಶುರುವಾಗುತ್ತದೆ. ಇದು ತಿಳಿಯದವರು ಒಂದು ತೂತು ಮೇಲೆಯೋ ಕೆಳಗೋ ಹಿಡಿದು, ಬ್ರಾಕೆಟ್ಟಿನ ಉದ್ದನೆಯ ಕಂಡಿಯಲ್ಲಿ ಹೇಗೋ ಹೊಂದಿಸಿ ಸ್ಕ್ರೂ ಬಿಗಿದುಬಿಡುತ್ತಾರೆ. ನೋಡಲು ಏನೂ ಊನ ಇಲ್ಲ. ಒಂದು ಯು ಸ್ವಿಚ್ ಎರಡು ಯು ಜಾಗ ತಿಂದಿರುತ್ತದೆ, ಅಷ್ಟೆ. ಮುಂದಿನ ವರ್ಷ ಇನ್ನೊಂದು ಸ್ವಿಚ್ ತಂದವರಿಗೆ ಅದು ಗೊತ್ತಾಗುತ್ತದೆ.

ಈ ಚೌಕ ತೂತಿಗೆ ಸ್ಕ್ರೂ ಹಿಡಿಯಲೆಂದು ಸಿಕ್ಕಿಸುವ ಕೇಜ್ ನಟ್ ಹಾಕುವಾಗ ಅದರ ಎರಡು ರೆಕ್ಕೆಗಳು ತೂತಿನ ಎಡಬಲಕ್ಕೆ ಕೂರಬೇಕು, ಮೇಲೆ ಕೆಳಗೆ ಅಲ್ಲ. ಸ್ಕ್ರೂಡ್ರೈವರ್ ತುದಿಯಿಂದ ಮೀಟಿ ಹಾಕಿ ಬೆರಳು ಕುಯ್ದುಕೊಳ್ಳುವವರೇ ಹೆಚ್ಚು. ಅದಕ್ಕೆಂದೇ ಸಣ್ಣದೊಂದು ತಗಡಿನ ಕೊಕ್ಕೆ ಇದೆ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ನಟ್ಟುಗಳನ್ನು ಪೊಟ್ಟಣಗಟ್ಟಲೆ ಕೊಳ್ಳುವಾಗ ಅದನ್ನೂ ಒಂದು ಕೇಳಿ ತೆಗೆದುಕೊಳ್ಳಿ. ಸ್ವಿಚ್ಚನ್ನು ಎತ್ತಿ ಹಿಡಿದಾಗ ಮೊದಲು ಎರಡೂ ಕಡೆಯ ಕೆಳಗಿನ ಸ್ಕ್ರೂ, ಆಮೇಲೆ ಮೇಲಿನದು. ಭಾರ ಕೆಳಗಿನವುಗಳ ಮೇಲೆ ಕೂತ ಮೇಲೆ ಹಿಡಿದವರ ಕೈಗೆ ಬಿಡುವು.

ಬ್ಯಾಂಕ್ ಶಾಖೆ, ಶಾಲೆ, ಅಪಾರ್ಟ್‌ಮೆಂಟುಗಳ ಗೋಡೆಗೆ ನೇತುಹಾಕುವ 6 ಯು, 9 ಯು ರ‍್ಯಾಕ್‌ಗಳ ಕಥೆ ಬೇರೆ. ಅಲ್ಲಿ ತಂಪು ಓಣಿಯೂ ಇಲ್ಲ, ಏಸಿಯೂ ಇಲ್ಲ. ಕಲಬುರಗಿ, ರಾಯಚೂರಿನ ಏಪ್ರಿಲ್ ಬಿಸಿಲಿಗೆ ಹೊರಗೇ 40 ಡಿಗ್ರಿ ದಾಟಿರುತ್ತದೆ. ಬೀಗ ಹಾಕಿದ ಪೆಟ್ಟಿಗೆಯೊಳಗೆ ಸ್ವಿಚ್, ಮೋಡೆಮ್, ಕ್ಯಾಮೆರಾದ ರೆಕಾರ್ಡರ್, ನಾಲ್ಕಾರು ಅಡಾಪ್ಟರ್ ಒಟ್ಟಿಗೆ ಕಾಯುತ್ತಿರುತ್ತವೆ. ಇಂಥಲ್ಲಿ ಬಳಸುವ ಸ್ವಿಚ್‌ಗಳಲ್ಲಿ ಹಲವು ಪಕ್ಕದಿಂದ ಪಕ್ಕಕ್ಕೆ ಗಾಳಿ ಆಡಿಸುತ್ತವೆ. ರ‍್ಯಾಕಿನ ಎರಡು ಕಂಬಗಳ ನಡುವೆ ಇರುವುದು 450 ಮಿ.ಮೀ., ಸ್ವಿಚ್ಚಿನ ಮೈ ಸುಮಾರು 440. ಉಳಿದ ಜಾಗದಲ್ಲೇ ಹೆಚ್ಚುವರಿ ಕೇಬಲ್ ಸುತ್ತಿ ಸಿಕ್ಕಿಸಿದರೆ ಗಾಳಿ ಎಲ್ಲಿಂದ ಬರಬೇಕು? ನೆಟ್‌ವರ್ಕ್ ಕೇಬಲ್ಲಿನಲ್ಲೇ ವಿದ್ಯುತ್ತನ್ನೂ ಕಳಿಸುವ ಪಿಒಇ ಸ್ವಿಚ್ ಆದರೆ ಇನ್ನೂ ಎಚ್ಚರ ಬೇಕು. ಕ್ಯಾಮೆರಾಗಳಿಗೆ ಹೋಗುವ ವಿದ್ಯುತ್ತಿನ ಬಹುಪಾಲು ಕ್ಯಾಮೆರಾದಲ್ಲೇ ಖರ್ಚಾಗುತ್ತದೆ ನಿಜ, ಆದರೆ ಪವರ್ ಸಪ್ಲೈಯಲ್ಲಿ ಸೋರುವ ಪಾಲು ಪೆಟ್ಟಿಗೆಯೊಳಗೇ ಬಿಸಿಯಾಗಿ ಉಳಿಯುತ್ತದೆ. ಇಂಥ ಸ್ವಿಚ್ಚಿನ ಆಳವೂ ಜಾಸ್ತಿ. ಹಿಂದೆ ಪವರ್ ಕಾರ್ಡಿನ ಪ್ಲಗ್ಗಿಗೆ ನಾಲ್ಕು ಬೆರಳು ಜಾಗ ಇಲ್ಲದೆ, ಮುಂದಿನ ಬಾಗಿಲು ಹಾಕಲು ಬಾರದೆ, ಬೀಗವನ್ನು ಸುಮ್ಮನೆ ನೇತುಹಾಕಿದ ರ‍್ಯಾಕ್‌ಗಳನ್ನು ಎಷ್ಟು ಬೇಕಾದರೂ ತೋರಿಸಬಲ್ಲೆ. ಹಲ್ಲಿಗಳಿಗೆ ಮಾತ್ರ ಆ ಬಾಗಿಲಿನಿಂದ ಅನುಕೂಲವಾಗಿದೆ.

ಕೊನೆಗೆ ಅರ್ತಿಂಗ್. ಸ್ವಿಚ್ಚಿನ ಬ್ರಾಕೆಟ್ಟಿಗೂ ಬಣ್ಣ, ಕಂಬಕ್ಕೂ ಬಣ್ಣ. ಸ್ಕ್ರೂ ಬಿಗಿದ ಮಾತ್ರಕ್ಕೆ ಲೋಹಕ್ಕೆ ಲೋಹ ತಾಕಿತು ಎಂದು ನಂಬುವ ಹಾಗಿಲ್ಲ. ದೊಡ್ಡ ಸ್ವಿಚ್‌ಗಳ ಹಿಂದೆ ಅರ್ತ್ ಗುರುತಿನ ಪಕ್ಕ ಸಣ್ಣ ತೂತುಗಳಿರುತ್ತವೆ. ಅಲ್ಲಿಂದ ಹಸಿರು-ಹಳದಿ ವೈರನ್ನು ಲಗ್ ಹಾಕಿ ರ‍್ಯಾಕಿನ ತಾಮ್ರದ ಪಟ್ಟಿಗೆ ಎಳೆಯಬೇಕು. ಲಗ್ಗನ್ನು ಕಂಪನಿಯವರೇ ಎಷ್ಟೋ ಸಲ ಪುಟ್ಟ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಕಳಿಸಿರುತ್ತಾರೆ. ಸಾಮಾನ್ಯವಾಗಿ ಅದು ಡಬ್ಬಿಯ ಥರ್ಮಾಕೋಲ್ ಸಂದಿಯಲ್ಲೇ ಉಳಿದು, ಡಬ್ಬಿಯ ಜೊತೆ ಗುಜರಿಗೆ ಹೋಗುತ್ತದೆ.