ಐದರಿಂದ ಗುಣಿಸಿ, ಎರಡರಿಂದ ಭಾಗಿಸಿ

ಸಂಪಿಗೆ ಊರಿನ ಮನೆಯ ಮೇಲೆ ಡಿಶ್ ಕಟ್ಟಿ ಕ್ಯೂಒ-100 ಹುಡುಕುವ ಹ್ಯಾಮ್ ರೇಡಿಯೊ ಹವ್ಯಾಸಿಗೆ ಮೊದಲು ಅಡ್ಡ ಬರುವುದು ತೆಂಗಿನ ಗರಿ. 2018ರಲ್ಲಿ ಕತಾರ್‌ನ ಎಸ್‌ಹೈಲ್-2 ಉಪಗ್ರಹದೊಂದಿಗೆ ಮೇಲೇರಿದ ಈ ಟ್ರಾನ್ಸ್‌ಪಾಂಡರ್ ನಮಗೆ ಪಡುವಣದಲ್ಲಿ, ದಿಗಂತದಿಂದ ಸುಮಾರು 30 ಡಿಗ್ರಿ ಎತ್ತರದಲ್ಲಿದೆ. ತೋಟದ ಸಾಲು ತಪ್ಪಿಸಿಕೊಂಡರೂ ಧ್ವನಿ ಒಂದೆಡೆ ನಿಲ್ಲುವುದಿಲ್ಲ. ಬಿಸಿಲೇರಿದ ಹಾಗೆ ಜಾರುತ್ತದೆ.

ತಪ್ಪು ಡಿಶ್‌ನ ತುದಿಯಲ್ಲಿ ಸಂಕೇತ ಹಿಡಿಯುವ ಎಲ್‌ಎನ್‌ಬಿಯ ಹರಳಿನದು. ಪಿಎಲ್‌ಎಲ್ ಬಗೆಯ ಅನೇಕ ಎಲ್‌ಎನ್‌ಬಿಗಳು 25 ಮೆಗಾಹರ್ಟ್ಸ್ ಹರಳನ್ನು ಆಧಾರವಾಗಿಟ್ಟು, ಅದರ 390 ಪಟ್ಟು, ಅಂದರೆ 9750 ಮೆಗಾಹರ್ಟ್ಸ್ ಹುಟ್ಟಿಸುತ್ತವೆ. ಹರಳು ಹತ್ತು ಲಕ್ಷದಲ್ಲಿ ಒಂದು ಪಾಲು ಅಲುಗಿದರೆ ಮೇಲೆ 9750 ಹರ್ಟ್ಸ್ ಸರಿಯುತ್ತದೆ. ಟಿವಿಗೆ ಅದು ಲೆಕ್ಕಕ್ಕಿಲ್ಲ, ಎಸ್‌ಎಸ್‌ಬಿ ಮಾತು ಮಾತ್ರ ಪೂರಾ ಕಳೆದುಹೋಗುತ್ತದೆ.

ಹರಳನ್ನು ಕಿತ್ತು, ಜಿಪಿಎಸ್ ಹಿಡಿತದಲ್ಲಿರುವ 10 ಮೆಗಾಹರ್ಟ್ಸ್ ಆಸಿಲೇಟರ್‌ನಿಂದ ಆ 25ನ್ನು ಪಡೆಯಬೇಕು. ಸಿಂಥೆಸೈಜರ್ ಚಿಪ್ಪುಗಳು ಸಿಗುತ್ತವೆ. ನನಗೆ ಹಳೆಯ ದಾರಿಯೇ ಹೆಚ್ಚು ಪ್ರಿಯ. ಎರಡು ಡಯೋಡ್‌ಗಳನ್ನು ಎದುರುಬದುರಾಗಿ ಜೋಡಿಸಿದರೆ ಅಲೆಯ ಎರಡೂ ತಲೆ ಸಮನಾಗಿ ಕತ್ತರಿಸಿಹೋಗಿ, ಬೆಸ ಹಾರ್ಮೋನಿಕ್‌ಗಳಷ್ಟೇ ಏಳುತ್ತವೆ: 30, 50, 70. ಐದನೆಯದು ಮೂಲದ ಐದನೇ ಒಂದು ಪಾಲಷ್ಟೇ ಇರುತ್ತದೆ, ಆದರೆ ನೆರೆಯವು 20 ಮೆಗಾಹರ್ಟ್ಸ್ ದೂರದಲ್ಲಿರುವುದರಿಂದ ಎರಡು ಸುರುಳಿಗಳ ಫಿಲ್ಟರ್ ಅದನ್ನು ನೀಟಾಗಿ ಆರಿಸಿಕೊಡುತ್ತದೆ. ಡಯೋಡ್‌ಗಳು ಹೊಂದದಿದ್ದರೆ 40, 60 ಕೂಡ ತಲೆಯೆತ್ತುತ್ತವೆ. ಅದಕ್ಕೇ ಒಂದೇ ಪಟ್ಟಿಯ ಡಯೋಡ್‌ಗಳನ್ನು ಅಳೆದು ಜೊತೆ ಮಾಡಬೇಕು. ಆಮೇಲೆ ಒಂದು ಫ್ಲಿಪ್‌ಫ್ಲಾಪ್ 50ನ್ನು 25 ಮಾಡುತ್ತದೆ.

 

ಗುಣಿಸಿದರೆ ನಿಖರತೆಯ ಪ್ರಮಾಣ ಕೆಡುವುದಿಲ್ಲ, ಗದ್ದಲ ಬೆಳೆಯುತ್ತದೆ. ಎರಡು ಪಟ್ಟಿಗೆ 6 ಡೆಸಿಬಲ್, ಹತ್ತು ಪಟ್ಟಿಗೆ 20, ಎಲ್‌ಎನ್‌ಬಿಯ 390 ಪಟ್ಟಿಗೆ 52. ಆಧಾರ ಸಂಕೇತದಿಂದ ದೂರದ ಗದ್ದಲವನ್ನು ಎಲ್‌ಎನ್‌ಬಿಯೇ ಬಹುಮಟ್ಟಿಗೆ ಸೋಸುತ್ತದೆ. ಕರೆಂಟಿನ 50 ಮತ್ತು 100 ಹರ್ಟ್ಸ್ ಗುಂಯ್‌ಗುಟ್ಟುವಿಕೆ ಆಧಾರ ಸಂಕೇತಕ್ಕೆ ಅಂಟಿಕೊಂಡೇ ಇರುವುದರಿಂದ ಸೋಸಿಹೋಗದು, 52 ಡೆಸಿಬಲ್ ಬೆಳೆದು ಪ್ರತಿ ಮಾತಿನ ಮೇಲೂ ಕೂರುತ್ತದೆ. ಹೀಗಾಗಿ ಫಿಲ್ಟರ್‌ನ ಸುರುಳಿಗೆ ಕೊಡುವಷ್ಟೇ ಕಾಳಜಿ ವಿದ್ಯುತ್ತಿಗೂ ಸಲ್ಲಬೇಕು: ಡಯೋಡ್‌ಗಳ ಮುಂದಿನ ಆಂಪ್ಲಿಫೈಯರ್‌ಗೂ ಫ್ಲಿಪ್‌ಫ್ಲಾಪ್‌ಗೂ ಬೇರೆಬೇರೆ ರೆಗ್ಯುಲೇಟರ್, ಅವೆರಡಕ್ಕೂ ಮೂಲ ಮನೆಯ ಯುಪಿಎಸ್ ಬ್ಯಾಟರಿ, ಕೇಳುವ ಹೊತ್ತಿನಲ್ಲಿ ಚಾರ್ಜರ್ ಬಂದ್.