ಆಟದ ಡ್ರೂಯಿಡ್ ಮತ್ತು ಮಂಡ್ಯ ಸೀಮೆಯ ಪವಾಡ ಪರಂಪರೆ: ಒಂದು ತೌಲನಿಕ ವಿವೇಚನೆ

ಕಾಲ್ಪನಿಕ ಲೋಕವನ್ನು ಆಧರಿಸಿದ ಪಾತ್ರಧಾರಣೆಯ ಆಟಗಳಲ್ಲಿ ಡ್ರೂಯಿಡ್ ಎಂಬ ಪಾತ್ರವೊಂದಿದೆ. ಈತ ಅರಣ್ಯದ ಪೂಜಾರಿ. ಗಿಡಬಳ್ಳಿಗಳು ಈತನ ಮಾತು ಕೇಳುತ್ತವೆ; ಈತ ಸಿಡಿಲನ್ನು ಕರೆಯಬಲ್ಲ, ಕರಡಿ ತೋಳಗಳ ರೂಪ ತಾಳಬಲ್ಲ. ವಿಚಾರ ಸಂಕಿರಣವೊಂದರಲ್ಲಿ ಮಳವಳ್ಳಿ ಕಡೆಯ ವಿದ್ಯಾರ್ಥಿಯೊಬ್ಬ, "ನಮ್ಮ ಸಿದ್ದಪ್ಪಾಜಿಯನ್ನು ಕನ್ನಡದ ಡ್ರೂಯಿಡ್ ಎನ್ನಬಹುದಲ್ಲವೇ ಸಾರ್?" ಎಂದು ನನ್ನನ್ನು ಕೇಳಿದ. ಸಭೆಯಲ್ಲಿ ಕೆಲವರು ನಕ್ಕರು. ಆದರೆ ಅದು ನಕ್ಕು ಮರೆಯುವ ಪ್ರಶ್ನೆಯಾಗಿರಲಿಲ್ಲ. ಮೊಬೈಲಿನಲ್ಲಿ ಆಡುವ ಆಟದ ಮೂಲಕ ಒಂದು ತಲೆಮಾರು ತನ್ನ ಊರಿನ ದೈವವನ್ನು ಅರ್ಥಮಾಡಿಕೊಳ್ಳಲು ಹೊರಟಿದೆ ಎಂಬುದು ಜಾನಪದ ವಿದ್ವಾಂಸರು ಗಂಭೀರವಾಗಿ ಪರಿಗಣಿಸಬೇಕಾದ ಸಂಗತಿ. ಆ ಪ್ರಶ್ನೆಗೆ ಅಂದು ಸರಿಯಾದ ಉತ್ತರ ಕೊಡಲು ನನ್ನಿಂದಾಗಲಿಲ್ಲ. ಪ್ರಸ್ತುತ ಲೇಖನ ಆ ಉತ್ತರದ ಪ್ರಯತ್ನ.

1

ಚಾರಿತ್ರಿಕ ಡ್ರೂಯಿಡರು ಪ್ರಾಚೀನ ಗಾಲ್ ಮತ್ತು ಬ್ರಿಟನ್ ಪ್ರದೇಶದ ಕೆಲ್ಟಿಕ್ ಜನರ ಪುರೋಹಿತವರ್ಗದವರು. ತಮ್ಮ ವಿದ್ಯೆಯನ್ನು ಅವರು ಬರಹಕ್ಕಿಳಿಸಲಿಲ್ಲ. ಅವರ ಬಗೆಗೆ ನಮಗೆ ದೊರೆಯುವ ಮಾತುಗಳಲ್ಲಿ ಬಹುಪಾಲು ಅವರನ್ನು ಗೆದ್ದವರ ಕಡೆಯವು. ಜೂಲಿಯಸ್ ಸೀಸರ್ ಗಾಲ್ ಯುದ್ಧದ ತನ್ನ ವರದಿಯಲ್ಲಿ ಅವರನ್ನು ಪ್ರಸ್ತಾಪಿಸುತ್ತಾನೆ. ಬಿಳಿಯುಡುಗೆಯ ಪೂಜಾರಿಯು ಓಕ್ ಮರ ಹತ್ತಿ ಚಿನ್ನದ ಕುಡುಗೋಲಿನಿಂದ ಬಂದಣಿಕೆಯನ್ನು ಕೊಯ್ಯುವ, ಬಳಿಕ ಎರಡು ಬಿಳಿ ಹೋರಿಗಳನ್ನು ಬಲಿಕೊಡುವ ಚಿತ್ರ ಪ್ಲಿನಿಯದು. 18ನೆಯ ಶತಮಾನದ ಕೊನೆಯಲ್ಲಿ ವೇಲ್ಸ್‌ನ ಅಯೋಲೋ ಮೊರ್ಗನ್ವಗ್ ತಾನೇ ಕಟ್ಟಿದ ವಿಧಿಗಳನ್ನು ಪ್ರಾಚೀನವೆಂದು ಸಾರಿ, 1792ರಲ್ಲಿ ಲಂಡನ್ನಿನಲ್ಲಿ ಸಭೆ ನಡೆಸಿದ. ಹೀಗೆ ಆಟದ ಡ್ರೂಯಿಡ್ ಹುಟ್ಟುವ ಮೊದಲೇ ಡ್ರೂಯಿಡ್ ಅರ್ಧ ಕಲ್ಪನೆಯಾಗಿದ್ದ.

ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರೂಪಿಸಿದ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' 1974ರಲ್ಲಿ ಪ್ರಕಟವಾಯಿತು. ಅದರ 1976ರ ಪುರವಣಿಯೊಂದರಲ್ಲಿ ಡ್ರೂಯಿಡ್ ಆಟಗಾರನು ಆರಿಸಿಕೊಳ್ಳಬಹುದಾದ ಪಾತ್ರವಾದ. 1978ರ ಕೈಪಿಡಿಯಲ್ಲಿ ಅವನ ನಿಯಮಗಳು ವಿಸ್ತಾರಗೊಂಡವು. ಬಂದಣಿಕೆ ಅವನ ಪೂಜಾಸಾಧನ. ಒಳಿತು ಕೆಡುಕುಗಳ ನಡುವೆ ಅವನು ತಟಸ್ಥ. ಲೋಹದ ಕವಚ ಅವನಿಗೆ ನಿಷಿದ್ಧ. 2001ರ 'ಡಯಾಬ್ಲೊ 2'ರ ವಿಸ್ತರಣೆ, 2004ರ 'ವರ್ಲ್ಡ್ ಆಫ್ ವಾರ್‌ಕ್ರಾಫ್ಟ್'ಗಳ ಮೂಲಕ ಈ ಪಾತ್ರ ಗಣಕಯಂತ್ರದ ಪರದೆಗೂ ಬಂದಿತು. ಇಲ್ಲೆಲ್ಲ ನಿಸರ್ಗವು ಆಟಗಾರನು ಮೆಟ್ಟಿಲು ಮೆಟ್ಟಿಲಾಗಿ ಗಳಿಸುವ ಶಕ್ತಿ. ಆತನಿಗೆ ಊರಿಲ್ಲ, ಕುಲವಿಲ್ಲ, ತೀರಿಸಬೇಕಾದ ಹರಕೆಯಿಲ್ಲ.

2

ಮಂಡ್ಯ ಸೀಮೆಯ ಮಂಟೇಸ್ವಾಮಿ ಪರಂಪರೆಯನ್ನು ಇದರ ಪಕ್ಕದಲ್ಲಿಟ್ಟು ನೋಡಬಹುದು. ತಂಬೂರಿ, ಗಗ್ಗರ, ಢಕ್ಕೆಗಳೊಡನೆ ನೀಲಗಾರರು ರಾತ್ರಿಯಿಡೀ ಹಾಡುವ ಈ ಮಹಾಕಾವ್ಯದ ಭೂಗೋಳ ನಮ್ಮ ತಾಲ್ಲೂಕುಗಳದೇ. ಕೆಂಪಾಚಾರಿ ಮದ್ದೂರು ತಾಲ್ಲೂಕಿನ ನಿಡಘಟ್ಟದ ಪಾಂಚಾಳರ ಮನೆಯ ಮಗ. ಮಂಟೇಸ್ವಾಮಿಯ ಶಿಶುಮಗನಾಗಿ ಸಿದ್ದಪ್ಪಾಜಿಯಾಗುತ್ತಾನೆ. ಅವನ ಪವಾಡ ನಡೆಯುವುದು ಮಳವಳ್ಳಿ ತಾಲ್ಲೂಕಿನ ಹಲಗೂರಿನಲ್ಲಿ. ಮಂಟೇಸ್ವಾಮಿಯ ಗದ್ದುಗೆ ಇರುವುದು ಅದೇ ತಾಲ್ಲೂಕಿನ ಬೊಪ್ಪೇಗೌಡನಪುರದಲ್ಲಿ.

ಎರಡು ಅಂಶಗಳನ್ನು ಇಲ್ಲಿ ವಿಶೇಷವಾಗಿ ಗಮನಿಸಬೇಕು. ಮೊದಲನೆಯದು ರೂಪಾಂತರ. ಆಟದ ಡ್ರೂಯಿಡ್ ರೂಪ ಬದಲಿಸುವುದು ಬಲ ಹೆಚ್ಚಿಸಿಕೊಳ್ಳಲು. ಮಂಟೇಸ್ವಾಮಿಯಾದರೋ ಕಲ್ಯಾಣಕ್ಕೆ ಬರುವುದು ಕುಷ್ಠರೋಗಿಯ ದೇಹದಲ್ಲಿ, ಸತ್ತ ಕರುವನ್ನೂ ಹೆಂಡದ ಗಡಿಗೆಯನ್ನೂ ಹೊತ್ತು. ಶರಣರ ನಾಡು ಯಾರನ್ನು ಹೊಸಿಲ ಹೊರಗೆ ನಿಲ್ಲಿಸುತ್ತದೆ ಎಂಬುದನ್ನು ಆ ರೂಪ ಪರೀಕ್ಷಿಸುತ್ತದೆ. ಬಲಿಷ್ಠ ಪ್ರಾಣಿಯ ರೂಪದಿಂದ ಈ ಪರೀಕ್ಷೆ ಸಾಧ್ಯವೇ ಇಲ್ಲ. ಎಚ್.ಎಸ್. ಶಿವಪ್ರಕಾಶರ 'ಮಂಟೇಸ್ವಾಮಿ ಕಥಾಪ್ರಸಂಗ' ನಾಟಕವಾಗಿ ಆಧುನಿಕ ರಂಗಭೂಮಿಗೆ ಈ ಕಥನ ಬಂದದ್ದೂ ಇಂಥ ಪ್ರಶ್ನೆಗಳ ಬಲದಿಂದಲೇ.

ಎರಡನೆಯದು ಕಬ್ಬಿಣ. ಡ್ರೂಯಿಡ್ ಲೋಹವನ್ನು ದೂರವಿಡುತ್ತಾನೆ. ಅವನ ಶುದ್ಧಿ ಆ ದೂರದಲ್ಲಿದೆ. ಸಿದ್ದಪ್ಪಾಜಿ ಗುರುವಿನ ಅಪ್ಪಣೆಯಂತೆ ಕಬ್ಬಿಣದ ಭಿಕ್ಷೆಗಾಗಿಯೇ ಹಲಗೂರಿಗೆ ಹೋಗುತ್ತಾನೆ. ಕೊಡಲೊಲ್ಲದ ಪಾಂಚಾಳರು ಅವನಿಗೆ ವಿಷವಿಕ್ಕುತ್ತಾರೆ, ಪರೀಕ್ಷೆಗಳಿಗೆ ಒಡ್ಡುತ್ತಾರೆ. ಅವನು ಗೆಲ್ಲುವುದು ಪವಾಡದಿಂದ. ಕೇಳಲು ಹೋದವನೂ ಪಾಂಚಾಳ, ನಿರಾಕರಿಸಿದವರೂ ಪಾಂಚಾಳರು. ಕುಲುಮೆ, ಕಸುಬು, ಕಬ್ಬಿಣದ ಮೇಲಿನ ಹಿಡಿತ, ತನ್ನ ಕುಲದೊಂದಿಗೇ ಮುಖಾಮುಖಿ - ಇವು ಈ ಪವಾಡದ ಒಡಲು. ಇದನ್ನು 'ಪ್ರಕೃತಿಯ ಮಂತ್ರಶಕ್ತಿ' ಎಂದು ಕರೆದರೆ ಕತೆಯ ಜಗಳವೇ ಬಿಟ್ಟುಹೋಗುತ್ತದೆ.

3

ಹಾಗಾದರೆ ಈ ಸೀಮೆಯಲ್ಲಿ ನಿಸರ್ಗಾರಾಧನೆ ಇಲ್ಲವೇ? ಇದೆ. ಆದರೆ ಅದರ ರೂಪ ಬೇರೆ. ಸಿದ್ದಪ್ಪಾಜಿಯ ನೆಲೆಯಾದ ಚಿಕ್ಕಲ್ಲೂರಿನ ಜಾತ್ರೆಯ ಮೊದಲ ರಾತ್ರಿ ಚಂದ್ರಮಂಡಲ ಉರಿಸುತ್ತಾರೆ. ಬೆಂಕಿ ಯಾವ ದಿಕ್ಕಿಗೆ ವಾಲಿ ಉರಿಯಿತೋ ಆ ಸೀಮೆಗೆ ಮಳೆಬೆಳೆ ಚೆನ್ನಾಗಿ ಆಗುತ್ತದೆಂದು ನೆರೆದವರ ನಂಬಿಕೆ. ಇಲ್ಲಿ ಯಾರೂ ಮಳೆಯನ್ನು ಆಜ್ಞಾಪಿಸುವುದಿಲ್ಲ. ಒಕ್ಕಲುಮಕ್ಕಳು ಉರಿಯನ್ನು ನೋಡುತ್ತ ನಿಲ್ಲುತ್ತಾರೆ. ಅದೇ ಜಾತ್ರೆಯ ಮಾಂಸದ ಅಡುಗೆಯನ್ನು ಕುರಿತು 1959ರ ಪ್ರಾಣಿಬಲಿ ನಿಷೇಧ ಕಾಯಿದೆಯ ಹಿನ್ನೆಲೆಯಲ್ಲಿ ವಿವಾದವೆದ್ದಾಗ, ಇದು ಬಲಿಯಲ್ಲ, ಒಟ್ಟಿಗೆ ಕುಳಿತು ಉಣ್ಣುವ ಪಂಕ್ತಿಸೇವೆ ಎಂದು ಭಕ್ತರು ವಾದಿಸಿದರು. ಆಚರಣೆಯ ಅರ್ಥ ಅವರ ಮಟ್ಟಿಗೆ ಜೊತೆಯೂಟದಲ್ಲಿತ್ತು.

ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರು ಇನ್ನೊಂದು ನಿದರ್ಶನ. ಶಿಂಷಾ ನದಿಯ ಸಮೀಪದ ಈ ಊರಿನ ಹುಣಸೆ, ಅತ್ತಿ ಮರಗಳ ಮೇಲೆ ಹೆಜ್ಜಾರ್ಲೆ ಮತ್ತು ಬಣ್ಣದ ಕೊಕ್ಕರೆಗಳು ಗೂಡುಕಟ್ಟುತ್ತವೆ. ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳೆಂದು ಊರವರು ಅವನ್ನು ಕಾಣುತ್ತಾರೆ. ಪ್ಲೇಗಿನ ಕಾಲದಲ್ಲಿ ಊರು ಜಾಗ ಬದಲಿಸಿದಾಗ ಹಕ್ಕಿಗಳೂ ಜೊತೆಗೆ ಬಂದವೆಂದು ಹೇಳುತ್ತಾರೆ. ಮರದಡಿ ಗುಂಡಿ ತೋಡಿ ಹಿಕ್ಕೆಯನ್ನು ಗೊಬ್ಬರವಾಗಿ ಬಳಸುವುದೂ ಇದೆ. ಆದರೆ ಹಕ್ಕಿ ಕೂತ ಹುಣಸೆಯ ಫಸಲು ನಷ್ಟವಾಗುತ್ತದೆ. ಅದಕ್ಕೆ ಅರಣ್ಯ ಇಲಾಖೆ ಪರಿಹಾರ ಕೊಡುವ ಏರ್ಪಾಡು ಮಾಡಬೇಕಾಯಿತು. 2007ರಲ್ಲಿ ಈ ಪ್ರದೇಶವನ್ನು ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸಲಾಯಿತು. 2017ರ ಕೊನೆಯಿಂದ ಹೆಜ್ಜಾರ್ಲೆಗಳು ಸತ್ತು ಬಿದ್ದಾಗ ಅವುಗಳ ಹೊಟ್ಟೆಯಲ್ಲಿ ಜಂತುಹುಳುಗಳು ಕಂಡವು. ನಂಟಸ್ತಿಕೆಯೊಂದೇ ಹಕ್ಕಿಗಳನ್ನು ಕಾಯಲಾರದು. ಆದರೆ ಆ ನಂಟಸ್ತಿಕೆಯಿಲ್ಲದಿದ್ದರೆ ಇಲಾಖೆಯ ಘೋಷಣೆಗೆ ಊರಿನಲ್ಲಿ ನೆಲೆ ಸಿಗುತ್ತಿರಲಿಲ್ಲ. ತವರು ಎಂಬ ಮಾತಿನಲ್ಲಿ ವಾತ್ಸಲ್ಯದಷ್ಟೇ ಖರ್ಚೂ ಇದೆ.

4

ಆಟವನ್ನಷ್ಟೇ ದೂಷಿಸುವುದು ನ್ಯಾಯವಲ್ಲ. 2023ರ 'ಬಾಲ್ಡರ್ಸ್ ಗೇಟ್ 3' ಆಟದಲ್ಲಿ ಡ್ರೂಯಿಡರ ಪವಿತ್ರವನವೊಂದಿದೆ. ಅಲ್ಲಿ ಆಶ್ರಯ ಪಡೆದ ನಿರಾಶ್ರಿತರನ್ನು ಹೊರದಬ್ಬಿ, ಮುಳ್ಳಿನ ವಿಧಿಯಿಂದ ವನವನ್ನು ಮುಚ್ಚಿಬಿಡಲು ಕಾಘಾ ಎಂಬ ನಾಯಕಿ ಹೊರಡುತ್ತಾಳೆ. ವನದ ಪಾವಿತ್ರ್ಯ ಯಾರನ್ನು ಹೊರಗಿಡುತ್ತದೆ ಎಂಬ ಪ್ರಶ್ನೆಯನ್ನು ಆಟವೇ ಎತ್ತುತ್ತದೆ. ಇದು ಕಲ್ಯಾಣದ ಬಾಗಿಲಲ್ಲಿ ಮಂಟೇಸ್ವಾಮಿ ಎತ್ತಿದ ಪ್ರಶ್ನೆಗೆ ದೂರದ್ದಲ್ಲ. ಆ ವಿದ್ಯಾರ್ಥಿ ಸಾಮ್ಯವನ್ನು ಮರಗಿಡಗಳಲ್ಲಿ ಹುಡುಕುವ ಬದಲು ಇಲ್ಲಿ ಹುಡುಕಿದ್ದರೆ ಅದು ಗಟ್ಟಿಯಾಗಿ ನಿಲ್ಲುತ್ತಿತ್ತು.

ನಮ್ಮ ಕ್ಷೇತ್ರದ ತಪ್ಪನ್ನೂ ಒಪ್ಪಿಕೊಳ್ಳಬೇಕು. 1890ರಲ್ಲಿ ಮೊದಲು ಪ್ರಕಟವಾದ ಫ್ರೇಜರನ 'ದಿ ಗೋಲ್ಡನ್ ಬೋ' ಗ್ರಂಥದ ಪ್ರಭಾವದಲ್ಲಿ ನಾವೂ 'ವೃಕ್ಷಪೂಜೆ', 'ಪ್ರಾಣಿಪೂಜೆ', 'ಪ್ರಕೃತಿ ಆರಾಧನೆ' ಎಂಬ ಖಾನೆಗಳನ್ನು ಮಾಡಿಕೊಂಡು, ಊರಿನ ಆಚರಣೆಗಳನ್ನು ಬಿಡಿಬಿಡಿಯಾಗಿ ಅವುಗಳಲ್ಲಿ ತುಂಬಿದೆವು. ನನ್ನ ಪಿಎಚ್.ಡಿ. ಪ್ರಬಂಧದಲ್ಲಿಯೂ ಅಂಥ ಅಧ್ಯಾಯವೊಂದಿದೆ. ಆಟದ ಕೈಪಿಡಿ ಮಾಡಿದ್ದೂ ಬಹುಮಟ್ಟಿಗೆ ಇದನ್ನೇ. ವಿದ್ಯಾರ್ಥಿಯ ಪ್ರಶ್ನೆಗೆ ನಕ್ಕವರು ಅವನು ಬಳಸಿದ ವರ್ಗೀಕರಣ ನಮ್ಮದೇ ಎಂಬುದನ್ನು ಮರೆತಿದ್ದರು.

ಡ್ರೂಯಿಡರನ್ನು ಇಂದು ಯಾರೂ ಕೇಳಲು ಸಾಧ್ಯವಿಲ್ಲ. ಅವರ ಮೌನವನ್ನು ಯಾವ ಕಲ್ಪನೆಯಿಂದ ಬೇಕಾದರೂ ತುಂಬಬಹುದು. ನೀಲಗಾರರು ಹಾಡುತ್ತಿದ್ದಾರೆ. ಹಲಗೂರಿನ ಕಬ್ಬಿಣದ ಅರ್ಥವೇನೆಂದು ಅವರನ್ನೇ ಕೇಳಬಹುದು. ಹೀಗೆ ಕೇಳುವ ಅವಕಾಶವಿರುವಾಗ ಎರವಲು ಹೆಸರೊಂದರಿಂದ ತೃಪ್ತರಾಗುವುದು ವಿದ್ವತ್ತಿನ ಸೋಮಾರಿತನ. ಆ ವಿದ್ಯಾರ್ಥಿಗೆ ನಾನು ಈಗ ಹೇಳಬಹುದಾದದ್ದು ಇಷ್ಟು: ಸಿದ್ದಪ್ಪಾಜಿ ಡ್ರೂಯಿಡ್ ಅಲ್ಲ. ಆದರೆ ನಿನ್ನ ಪ್ರಶ್ನೆಯನ್ನು ಬಿಡಬೇಡ. ಒಂದು ಇರುಳು ನೀಲಗಾರರ ಎದುರು ಕುಳಿತು ಹಲಗೂರಿನ ಸಾಲನ್ನು ಪೂರ್ತಿ ಕೇಳಿ ಬಾ.